ಆಕಾಶ ಕಾಣಬೇಕಾದ ರೇಡಿಯೋ

ನನ್ನ ಹಟವನ್ನೆಲ್ಲ ಮನೆಯವರು ಆ ರೇಡಿಯೋದ ತಲೆಗೆ ಕಟ್ಟಿದರು. "ಆ ಡಬ್ಬಿ ಬಂದ ಮ್ಯಾಲೆ ಈಕಿ ಮಾತು ಕೇಳೂದು ಬಿಟ್ಲು" ಎಂದು ನನ್ನ ಗಂಡನ ಅಣ್ಣ ಬಂದವರ ಮುಂದೆಲ್ಲ ಹೇಳುತ್ತಿದ್ದರು. ನಿಜವೆಂದರೆ ನಾನು ಅದಕ್ಕೂ ಮೊದಲೇ ಹಾಗಿದ್ದೆ. ಅವರಿಗೆ ಗೊತ್ತಾದದ್ದು ಆಮೇಲೆ, ಅಷ್ಟೇ.

ನಮ್ಮದು ಶಿಗ್ಗಾವಿಯಲ್ಲಿ ಕುಪ್ಪಸದ ಖಣ, ಸೀರೆಗಳ ವ್ಯಾಪಾರ. ಪೇಟೆಯಲ್ಲೊಂದು ಅಂಗಡಿ. ಅದರ ಜೊತೆಗೆ ಅಕ್ಕಿಆಲೂರು, ಸವಣೂರು, ರಟ್ಟೀಹಳ್ಳಿ, ಹಿರೇಕೆರೂರಿನ ಸಂತೆಗಳಿಗೆ ವ್ಯಾನಿನಲ್ಲಿ ಮಾಲು ಒಯ್ದು ಮಾರುವುದು. ಮೊದಲು ನನ್ನ ಗಂಡ ಹೋಗುತ್ತಿದ್ದರು. ಸಕ್ಕರೆ ಕಾಯಿಲೆಗೆ ಅವರ ಕಣ್ಣು ಮಂಜಾದಾಗ ಡಾಕ್ಟರು ಇನ್ನು ಗಾಡಿ ಮುಟ್ಟಬೇಡಿ ಎಂದರು. ಡ್ರೈವರ್ ಇಡೋಣ ಎಂದರು ಭಾವ. ನಾನು ಅಷ್ಟರಲ್ಲಿ ಗಂಡನಿಂದಲೇ ಗಾಡಿ ಕಲಿತು ಲೈಸೆನ್ಸು ಮಾಡಿಸಿಕೊಂಡಿದ್ದೆ. ಮುಂದಿನ ಅಕ್ಕಿಆಲೂರು ಸಂತೆಗೆ ನಾನೇ ಹೊರಟೆ. ಸಂತೆಯಲ್ಲಿ ಜನ ಖಣ ನೋಡುವ ಮೊದಲು ನನ್ನನ್ನು ನೋಡಿದರು. ನೋಡಲಿ ಎಂದುಕೊಂಡು ಗಂಟು ಬಿಚ್ಚಿದೆ.

ಮಾಲು ತರಲು ಹುಬ್ಬಳ್ಳಿಗೆ ಹೋದಾಗ ಒಂದು ಅಂಗಡಿಯ ಬಾಗಿಲಲ್ಲಿ ಆ ರೇಡಿಯೋ ಕಂಡೆ. ಯಾರೋ ಒಬ್ಬಾಕೆ ಖಯಾಲ್ ಹಾಡುತ್ತಿದ್ದಳು. ಎದುರಿಗೇ ಕುಳಿತು ಹಾಡಿದಷ್ಟು ಸ್ವಚ್ಛವಾದ ದನಿ. ಇದು ಯಾವ ಊರಿನ ರೇಡಿಯೋ ಎಂದು ಕೇಳಿದೆ. ಊರಿನದ್ದಲ್ಲ, ಮೇಲೆ ಉಪಗ್ರಹದಿಂದ ನೇರ ಬರುತ್ತದೆ ಎಂದ ಅಂಗಡಿಯವನು. ಅಂಗೈಯಗಲದ ಆಂಟೆನಾವನ್ನು ಗಾಡಿಯ ಮೇಲ್ಭಾಗದ ಟಪ್ಪಿನ ಮೇಲಿಟ್ಟರೆ ಅಯಸ್ಕಾಂತ ಹಿಡಿದುಕೊಳ್ಳುತ್ತದೆ. ಮನೆಗೆ ಬಂದರೆ ಡಬ್ಬಿಯನ್ನು ಗಾಡಿಯಿಂದ ಕಳಚಿ ಒಳಗೆ ಒಯ್ಯಬಹುದು. ಹಾಡು ಕೇಳುವ ಮೊಬೈಲುಗಳು ನಮ್ಮ ಕಡೆ ಇನ್ನೂ ಬಂದಿರಲಿಲ್ಲ. ನಾನು ಗಂಡನಿಗೂ ಹೇಳದೆ ಕೊಂಡುಬಿಟ್ಟೆ. ಅವರು ಡಬ್ಬಿಯನ್ನು ಕಣ್ಣಿನ ಹತ್ತಿರ ಹಿಡಿದು ತಿರುಗಿಸಿ ನೋಡಿ, "ಛಲೋ ಐತಿ, ದಾರ್ಯಾಗ ನಿನಗ ಜೋಡಿ ಆತು" ಎಂದರು.

ದಾರಿಯಲ್ಲಿ ನಿಜವಾಗಿಯೂ ಜೊತೆಯಾಯಿತು. ಅಕ್ಕಿಆಲೂರಿನ ರಸ್ತೆಯಲ್ಲಿ ಹುಣಸೆ ಮರಗಳು ದಟ್ಟವಾಗಿ ಬಂದಲ್ಲಿ ದನಿ ತಟ್ಟನೆ ನಿಲ್ಲುತ್ತಿತ್ತು. ಮಾಮೂಲಿ ರೇಡಿಯೋದ ಹಾಗೆ ಕರಕರ ಎನ್ನುವುದಿಲ್ಲ, ಪೂರಾ ಬಾಯಿ ಮುಚ್ಚಿಬಿಡುತ್ತದೆ. ಮರ ದಾಟಿ ಭತ್ತದ ಗದ್ದೆ ತೆರೆದುಕೊಂಡ ಕೂಡಲೇ ಆಲಾಪ ಬೇರೆಲ್ಲಿಂದಲೋ ಶುರುವಾಗುತ್ತಿತ್ತು. ನಡುವೆ ಅವರು ಏನು ಹಾಡಿದರೋ ಎಂದು ನಾನೇ ಊಹಿಸಿಕೊಳ್ಳುತ್ತಿದ್ದೆ.

ತಕರಾರು ಬಂದದ್ದು ಮನೆಯಲ್ಲಿ. ನಮ್ಮದು ಮಣ್ಣಿನ ಗೋಡೆಯ, ಮಾಳಿಗೆಯ ಮನೆ. ಒಳಗೆ ಎಲ್ಲಿಟ್ಟರೂ ರೇಡಿಯೋ ಮಾತಾಡಲಿಲ್ಲ. ಉಪಗ್ರಹವಿದ್ದ ಪೂರ್ವದಿಕ್ಕಿಗೆ, ಬೀದಿಗೆ ಮುಖಮಾಡಿದ ಕಟ್ಟೆಯ ಮೇಲಿಟ್ಟೆ. ಹಾಡಿತು. ಅಲ್ಲೇ ಗೋಡೆಗೆ ಒರಗಿ ಕುಳಿತೆ. ಭಾವ ಅಂಗಡಿಯಿಂದ ಬಂದವರು ಮೆಟ್ಟಿಲ ಮೇಲೇ ನಿಂತರು.

"ಮನಿ ಹೆಣ್ಮಕ್ಳು ಹಿಂಗ ಕಟ್ಟಿ ಮ್ಯಾಲೆ ಕುಂತು ಹಾಡು ಕೇಳೂದು ಚಂದ ಕಾಣಂಗಿಲ್ಲ. ಒಳಗ ಹಚ್ಚು."

"ಒಳಗ ಹತ್ತಂಗಿಲ್ರಿ ಭಾವಾರ. ಇದಕ್ಕ ಆಕಾಶ ಕಾಣಬೇಕು."

"ಆಕಾಶ ಕಾಣಬೇಕಾಗಿದ್ದು ಅದಕ್ಕೋ, ನಿನಗೋ?"

"ಇಬ್ಬರಿಗೂ ರಿ" ಎಂದೆ.

ಅವರು ಊಟಕ್ಕೆ ಕೂರಲಿಲ್ಲ. ಆ ಸಿಟ್ಟು ಮನೆಯ ತುಂಬ ಓಡಾಡಿತು. ಮರುದಿನದಿಂದ ನಾನು ಕಟ್ಟೆಯ ಮೇಲೆ ಕೂರಲಿಲ್ಲ. ಮನೆಯ ಮುಂದೆ ನಿಲ್ಲಿಸಿದ ವ್ಯಾನಿನಲ್ಲಿ ಕೂತು, ಬಾಗಿಲು ತೆರೆದಿಟ್ಟು, ದನಿ ಇನ್ನಷ್ಟು ಏರಿಸಿದೆ. ಭಾವ ಹತ್ತಿರ ಬಂದಾಗ, "ಇದು ಕಟ್ಟಿ ಅಲ್ಲಲ್ರಿ" ಎಂದೆ.

ಹೀಗೆ ನಡೆದಿರುವಾಗ ಚುನಾವಣೆ ಬಂತು. ದಾರಿಯಲ್ಲೆಲ್ಲ ಗಾಡಿ ತಡೆದು ನೋಡುತ್ತಿದ್ದರು. ನಾನು ಹಿರೇಕೆರೂರು ಸಂತೆಗೆ ಹೊರಟಿದ್ದೆ. ಒಬ್ಬ ಪೊಲೀಸಿನವನು ಕೈಯಡ್ಡ ಮಾಡಿ ನಿಲ್ಲಿಸಿದ. ಸೀರೆಯ ಗಂಟುಗಳನ್ನು ತಟ್ಟಿ ನೋಡಿದ. ಆಮೇಲೆ ಟಪ್ಪಿನ ಮೇಲಿನ ಆಂಟೆನಾ, ಅದರ ತಂತಿ, ಮುಂದೆ ಕೂತಿದ್ದ ಡಬ್ಬಿ ಅವನ ಕಣ್ಣಿಗೆ ಬಿದ್ದವು.

"ಏನಿದು? ವಾಯರ್‌ಲೆಸ್ಸಾ?"

"ರೇಡಿಯೋ ರಿ."

"ಇಂಥಾ ರೇಡಿಯೋ ನಾ ಎಲ್ಲೂ ನೋಡಿಲ್ಲ. ತಗೀರಿ ಕೆಳಗ. ಸ್ಟೇಶನ್ನಿಗೆ ಒಯ್ಯಬೇಕು."

"ಒಯ್ದ್ರ ಒಯ್ರಿ. ಒಯ್ದೇನಿ ಅಂತ ಬರದು ಸಹಿ ಮಾಡಿ ಕೊಡ್ರಿ."

"ಏನು, ನನಗ ಕಾಯ್ದೆ ಕಲಸಾಕತ್ತೀರೇನು?"

"ಬರದು ಕೊಡೂತನಕ ಡಬ್ಬಿ ನನ್ನ ಹಂತ್ಯಾಕ ಇರತೈತಿ" ಎಂದವಳೇ ಅದನ್ನು ಕಳಚಿ ತೊಡೆಯ ಮೇಲಿಟ್ಟುಕೊಂಡು, ಸೆರಗು ಮುಚ್ಚಿ ಕುಳಿತೆ.

ಬಿಸಿಲು ಏರಿತು. ಹಿಂದಿನಿಂದ ಬಂದ ಬಸ್ಸಿನವರು ಕಿಟಕಿಯಿಂದ ಬಗ್ಗಿ ನೋಡಿಕೊಂಡು ಹೋದರು. ಅವರಲ್ಲಿ ನಮ್ಮ ಓಣಿಯವರೂ ಇದ್ದರೆಂದು ಆಮೇಲೆ ತಿಳಿಯಿತು. ಸಂತೆಯ ಹೊತ್ತು ಮೀರುತ್ತಿತ್ತು. ಕೊನೆಗೆ ಜೀಪಿನಲ್ಲಿ ಅವನ ಸಾಹೇಬರು ಬಂದರು, ವಯಸ್ಸಾದವರು. ಮೊದಲು ಕೇಳಿ ನೋಡಿ, ಆಮೇಲೆ ಹೇಳಿ ಎಂದು ನಾನು ಡಬ್ಬಿಯನ್ನು ಮತ್ತೆ ಸಿಕ್ಕಿಸಿ ಹಚ್ಚಿದೆ. ಎಲ್ಲಿಯದೋ ದೇಶದ ಹವಾಮಾನ ಹೇಳುತ್ತಿದ್ದರು: ಅಲ್ಲಿ ಹಿಮ ಬೀಳುತ್ತಿದೆಯಂತೆ. ನಮ್ಮ ಮೂವರ ಹಣೆಯಿಂದಲೂ ಬೆವರು ಇಳಿಯುತ್ತಿತ್ತು. ಸಾಹೇಬರು ನಕ್ಕುಬಿಟ್ಟರು.

"ಹೋಗ್ರಿ ತಂಗಿ, ಸಂತಿ ಮುಗೀತದ" ಎಂದರು.

"ನಿಮ್ಮವ್ರು ಒಂದು ಮಾತು ಕೇಳಿ ತಿಳ್ಕೊಂಡಿದ್ರ ಆಗಳೇ ಹೋಗಿರ್ತಿದ್ದೆ ರಿ" ಎಂದೆ. ಸುಮ್ಮನೆ ಹೋಗಬಹುದಿತ್ತು, ಗೊತ್ತು. ಹೋಗಲಾಗಲಿಲ್ಲ.

ನಾನು ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಓಣಿಯ ಬಾಯಲ್ಲಿ ಪೊಲೀಸರು ನನ್ನನ್ನು ಹಿಡಿದೊಯ್ದಿದ್ದರು. ಭಾವ ಪಡಸಾಲೆಯ ನಡುವೆ ನಿಂತಿದ್ದರು. ಅತ್ತೆ ಮೂಲೆಯಲ್ಲಿ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು.

"ಇವತ್ತ ತೀರ್ಮಾನ ಆಗ್ಲಿ" ಎಂದರು ಭಾವ. "ಒಂದು ಆ ಡಬ್ಬಿ ಬಿಡು, ಇಲ್ಲಾ ಸಂತಿ ಬಿಡು. ಎರಡೂ ನಡ್ಯಾಂಗಿಲ್ಲ."

ನನ್ನ ಗಂಡ ಎಂದೂ ಅಣ್ಣನಿಗೆ ಎದುರಾಡಿದವರಲ್ಲ. ಗೋಡೆಯತ್ತ ನೋಡುತ್ತ, "ಗಾಡಿ ಓಡಸಾಕಿ ಅಕಿ. ಅದ್ರಾಗ ಏನಿರಬೇಕು ಅನ್ನೂದು ಅಕೀಗ ಬಿಟ್ಟದ್ದು" ಎಂದರು. ದನಿ ಸಣ್ಣದಿತ್ತು, ಆದರೆ ಎಲ್ಲರಿಗೂ ಕೇಳಿಸಿತು.

ನಾನು ವ್ಯಾನಿನಿಂದ ರೇಡಿಯೋ ತಂದು ಕಟ್ಟೆಯ ಮೇಲಿಟ್ಟು, ಆಂಟೆನಾ ಪೂರ್ವಕ್ಕೆ ತಿರುಗಿಸಿ, ಹಚ್ಚಿದೆ. ಬೀದಿಯವರೆಲ್ಲ ಬಾಗಿಲಿಗೆ ಬಂದಿದ್ದರು. ನಾನು ಗೋಡೆಗೆ ಒರಗಿ ಕುಳಿತೆ, ಏಳಲಿಲ್ಲ. ಸ್ವಲ್ಪ ಹೊತ್ತಿಗೆ ಒಳಗಿನಿಂದ ಅತ್ತೆ ಮೊಣಕಾಲು ಹಿಡಿದುಕೊಂಡು ಬಂದರು. ಬೈಯಲು ಬಂದರೆಂದುಕೊಂಡೆ.

"ಸರಿ ಆಚಿಗೆ" ಎಂದು ಪಕ್ಕದಲ್ಲಿ ಕುಳಿತರು. "ಇದೊಂದ ಐತೋ, ಬ್ಯಾರೆ ಏನರ ಬರತೈತೋ?"

ಗುಂಡಿ ಒತ್ತುತ್ತ ಹೋದೆ. ಯಾವುದೋ ತಿಳಿಯದ ಭಾಷೆಯಲ್ಲಿ ಹೆಂಗಸೊಬ್ಬಳು ಸುದ್ದಿ ಓದುತ್ತಿದ್ದಳು. ಅತ್ತೆ ನನ್ನ ಕೈ ಹಿಡಿದು ನಿಲ್ಲಿಸಿದರು.

"ಇರ್ಲಿ ಇದು. ಏನ್ ಹೇಳಾಕತ್ತಾಳೋ ಏನೋ, ದನಿ ಮಾತ್ರ ಗಟ್ಟಿ ಐತಿ ಅಕೀದು."

ಭಾವ ಬಾಗಿಲವರೆಗೆ ಬಂದು ತಾಯಿಯನ್ನು ನೋಡಿದರು. ಅವ್ವನನ್ನು ಕಟ್ಟೆಯಿಂದ ಎಬ್ಬಿಸುವುದು ಅವರಿಂದಾಗದ ಕೆಲಸ. ಅಂದಿನಿಂದ ಸಂಜೆ ಆ ಸುದ್ದಿ ಅತ್ತೆಗೆ ಬೇಕೇ ಬೇಕಾಯಿತು. ಒಂದಕ್ಷರ ಅರ್ಥವಾಗದಿದ್ದರೂ ಮುಗಿಯುವತನಕ ಏಳುತ್ತಿರಲಿಲ್ಲ. ಓಣಿಯ ಹೆಂಗಸರು ಮೊದಲು ದೂರ ನಿಂತು ಕೇಳಿದರು, ಆಮೇಲೆ ಮೆಟ್ಟಿಲ ಮೇಲೆ ಕುಳಿತರು.

ಕೆಲವು ವರ್ಷ ಹೀಗೆ ಹಾಡಿ, ಒಂದು ದಿನ ಆ ರೇಡಿಯೋ ನಿಂತೇ ಹೋಯಿತು. ಕೆಟ್ಟದ್ದು ಡಬ್ಬಿಯಲ್ಲ. ದನಿ ಕಳಿಸುವ ಕಂಪನಿಯೇ ಮುಚ್ಚಿತ್ತು. ಅದಕ್ಕೆ ಯಾರ ಎದುರು ಜಗಳ ಆಡಬೇಕೋ ತಿಳಿಯದೆ ನಾನು ಬಹಳ ದಿನ ಉರಿದುಕೊಂಡಿದ್ದೆ. ಭಾವ ಮಾತ್ರ ನೆಮ್ಮದಿಯಿಂದ, "ಇನ್ನರ ಒಳಗ ಕುಂದ್ರಬಹುದಲ್ಲ?" ಎಂದರು.

"ನಾ ಬರೇ ಹಾಡಿಗೆ ಅಷ್ಟ ಹೊರಗ ಕುಂತಿದ್ದೆ ಅಂತ ತಿಳದೀರೇನ್ರಿ?" ಎಂದೆ.

ಹೋದ ಬೇಸಿಗೆಯಲ್ಲಿ ಭಾವನ ಸೊಸೆ ತಾನೂ ಗಾಡಿ ಕಲಿಯುತ್ತೇನೆಂದು ನನ್ನ ಹತ್ತಿರ ಬಂದಳು. ಭಾವನಿಗೆ ಈಗ ಕೋಲು ಬೇಕು, ದನಿ ಮಾತ್ರ ಮೊದಲಿನದೇ. "ನೀ ಒಬ್ಬಾಕಿ ಹಾಳಾದದ್ದು ಸಾಲ್ದೇನು?" ಎಂದು ಒಳಗಿನಿಂದಲೇ ಕೂಗಿದರು.

"ಸಾಲಂಗಿಲ್ರಿ ಭಾವಾರ" ಎಂದು ಹೇಳಿ, ಹುಡುಗಿಯನ್ನು ಸ್ಟೇರಿಂಗ್ ಮುಂದೆ ಕೂರಿಸಿದೆ. ಅವಳು ಕ್ಲಚ್ ಬಿಟ್ಟ ರಭಸಕ್ಕೆ ಗಾಡಿ ನೆಗೆದು ನಿಂತಿತು. ಎರಡನೆಯ ಸಲ ಹೊರಟಿತು.