ಶೈಲಜಾ ಆಂಟಿ ನೋಡಿದ ಅಲೆ

ಕಡಲಾಚೆಯ ದೇಶದ ಟೌರಂಗಾ ಎಂಬ ಊರಿನಲ್ಲಿ ಹಾಸ್ಪಿಸ್ ನರ್ಸ್ ಆಗಿ ಅದು ನನ್ನ ಆರನೇ ವರ್ಷ. ಗುಣವಾಗದ ಕಾಯಿಲೆಯವರ ಮನೆಗೇ ಹೋಗಿ ನೋವು ತಗ್ಗಿಸುವುದು ನಮ್ಮ ಕೆಲಸ. ಆ ಬೇಸಿಗೆಯ ಕೊನೆಯಲ್ಲಿ ಶೈಲಜಾ ಆಂಟಿ ನನ್ನ ಪಟ್ಟಿಗೆ ಬಂದರು. ಹುಬ್ಬಳ್ಳಿಯವರು, ಅರವತ್ತೊಂದು ವರ್ಷ. ನದಿಗಳ ನೀರಿನ ಮಟ್ಟ ಅಳೆಯುವ ಇಂಜಿನಿಯರ್ ಆಗಿದ್ದವರು. ಸ್ತನದ ಕ್ಯಾನ್ಸರ್ ಬೆನ್ನುಮೂಳೆಗೆ ಹರಡಿತ್ತು.

ಒಂದು ಮಂಗಳವಾರ ನಾನು ಮಾರ್ಫಿನ್ ಪಂಪ್ ತುಂಬಿಸುತ್ತಿದ್ದಾಗ ಕೇಳಿದರು: "ಸವಿತಾ, ಶುಕ್ರವಾರ ದೊಡ್ಡ ಉಬ್ಬರ ಐತಿ. ನನ್ನ ನದೀಗೆ ಕರ್ಕೊಂಡು ಹೋಗ್ತಿಯೇನವಾ?"

ಹುಣ್ಣಿಮೆಯ ಆಸುಪಾಸಿನಲ್ಲಿ ಸಮುದ್ರ ಉಕ್ಕುವಾಗ, ಆ ಸಣ್ಣ ನದಿಯೊಳಗೆ ನೀರು ಅಲೆಯಾಗಿ ಎದ್ದು ಹರಿವಿಗೆ ಎದುರಾಗಿ ಮೇಲಕ್ಕೆ ಸಾಗುತ್ತದೆ. ಇದಕ್ಕೆ ಟೈಡಲ್ ಬೋರ್ ಎನ್ನುತ್ತಾರೆ. ಅಲ್ಲಿ ಅಳತೆಯ ಯಂತ್ರ ಕೂರಿಸಿದ್ದು ಆಂಟಿಯೇ. ಆದರೆ ರಿಪೇರಿಗೆ ಹೋಗುತ್ತಿದ್ದುದೆಲ್ಲ ನೀರು ಇಳಿದ ಹೊತ್ತಿನಲ್ಲಿ.

"ಹದಿನೆಂಟು ವರ್ಷ ಕಂಪ್ಯೂಟರ್‌ನಾಗ ಬರೇ ಗೆರಿ ಏರೋದು ನೋಡೇನಿ. ಅಲಿ ನೋಡೇ ಇಲ್ಲ."

ಮರುದಿನ ಡಾಕ್ಟರ್ ಬಂದು ಮುಚ್ಚುಮರೆಯಿಲ್ಲದೆ ಹೇಳಿದರು: ಒಂದು ಕುಲುಕಾಟಕ್ಕೂ ಬೆನ್ನುಮೂಳೆ ಮುರಿಯಬಹುದು, ಆಮೇಲೆ ಏಳುವುದಾಗದು, ನಿರ್ಧಾರ ನಿಮ್ಮದು. ಆಂಟಿ ಹೋಗುತ್ತೇನೆಂದರು. ಅವರ ಗಂಡ ಪ್ರಕಾಶ್ ಅಂಕಲ್ ಆಗ ಸಾಮಾನು ತರಲು ಹೋಗಿದ್ದರು. ಡಾಕ್ಟರ್ ಹೊರಟ ಮೇಲೆ ಆಂಟಿ ನನ್ನ ಕೈ ಹಿಡಿದರು.

"ಇವ್ರಿಗೆ ಹೇಳಬ್ಯಾಡ. ಹೇಳಿದ್ರ ಬಿಡಂಗಿಲ್ಲ."

ರೋಗಿ ಬೇಡವೆಂದ ಮೇಲೆ ಮನೆಯವರಿಗೂ ಹೇಳುವಂತಿಲ್ಲ. ನಾನು ಒಪ್ಪಿಕೊಂಡೆ.

ಶುಕ್ರವಾರ ಅಂಕಲ್ ಕಾರು ಓಡಿಸಿದರು. ಮಧ್ಯಾಹ್ನ ನದಿಯ ದಡದಲ್ಲಿ ವೀಲ್‌ಚೇರ್ ನಿಲ್ಲಿಸಿದೆವು. ಸ್ವಲ್ಪ ಹೊತ್ತಿಗೆ, ಯಾರೋ ಚಾಪೆ ಎಳೆಯುತ್ತಿರುವಂಥ ಸದ್ದು. ದಡದಿಂದ ದಡಕ್ಕೆ ಒಂದೇ ಕಂದು ಅಲೆ, ಮೊಣಕಾಲೆತ್ತರವೂ ಇರಲಿಲ್ಲ. ಬಾತುಗಳು ಅದರ ಮೇಲೆ ಎದ್ದು ಇಳಿದವು. ಅಲೆ ದಾಟಿದ್ದೇ ಇಡೀ ನದಿ ಹಿಂದಕ್ಕೆ ಹರಿಯತೊಡಗಿತು.

"ಇಷ್ಟಕ್ಕ ಇಷ್ಟು ದೂರ ಬಂದ್ವೇನ?" ಎಂದು ಅಂಕಲ್ ನಕ್ಕರು.

ಆಂಟಿ ಅಲೆಯ ಕಡೆಗೇ ನೋಡುತ್ತಿದ್ದರು. ಅಲೆ ತಿರುವಿನಲ್ಲಿ ಮರೆಯಾಗುವವರೆಗೂ ಅವರ ಕಣ್ಣಲ್ಲಿ ನೀರು ಸುರಿಯುತ್ತಿತ್ತು.

ವಾಪಸು ಬರುವಾಗ, ಜಲ್ಲಿ ರಸ್ತೆಯ ಗುಂಡಿಯೊಂದರಲ್ಲಿ ಕಾರು ಕುಲುಕಿತು. ಆಂಟಿಯ ಆ ಕೂಗು ನನಗೆ ಮರೆತಿಲ್ಲ. ಎಕ್ಸ್‌ರೇಯಲ್ಲಿ ಬೆನ್ನುಮೂಳೆ ಮುರಿದಿರುವುದು ಕಂಡಿತು. ಉಳಿದ ಹನ್ನೊಂದು ದಿನ ಅವರು ಅಂಗಾತ ಮಲಗಿಯೇ ಕಳೆದರು. ಎಷ್ಟು ಔಷಧಿ ಕೊಟ್ಟರೂ ಮಗ್ಗುಲು ಬದಲಿಸುವಾಗ ನರಳುತ್ತಿದ್ದರು. ಅಂಕಲ್ ದಿನವೂ ಒಂದೇ ಮಾತು ಹೇಳುತ್ತಿದ್ದರು: "ನಾ ಇನ್ನಷ್ಟು ನಿಧಾನ ಓಡಿಸಬೇಕಿತ್ತು." ಆಂಟಿ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ನಾನು ಪಂಪಿನ ಕಡೆ ತಿರುಗುತ್ತಿದ್ದೆ.

ಆಂಟಿ ತೀರಿಕೊಂಡ ವಾರದ ನಂತರ ಪಂಪ್ ತರಲು ಹೋದೆ.

"ಹಿಂಗ ಆಗಬಹುದಂತ ನಿನಗ ಗೊತ್ತಿತ್ತೇನು?" ಅಂಕಲ್ ಕೇಳಿದರು.

"ಗೊತ್ತಿತ್ತು ಅಂಕಲ್. ಆಂಟಿಗೂ ಗೊತ್ತಿತ್ತು."

ಪಂಪನ್ನು ನನ್ನ ಕೈಗಿಟ್ಟರು. "ಹಂಗಾರ ಗೊತ್ತಿಲ್ಲದಾಂವ ನಾನೊಬ್ಬನ."

ಅವರು ಆಮೇಲೆ ಕಾರು ಮುಟ್ಟಲಿಲ್ಲವೆಂದು ಕೇಳಿದೆ.

ಆಂಟಿಯನ್ನು ಕರೆದೊಯ್ದದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ. ರೋಗಿಯ ನಿರ್ಧಾರಕ್ಕೆ ಇಂದಿಗೂ ಅಡ್ಡ ಬರುವುದಿಲ್ಲ. ಆದರೆ ಮನೆಯವರಿಗೆ ಹೇಳಬೇಡ ಎಂದವರ ಹಾಸಿಗೆಯ ಪಕ್ಕ ಈಗ ಕುರ್ಚಿ ಎಳೆದುಕೊಂಡು ಕೂರುತ್ತೇನೆ. "ನೀವೇ ಹೇಳಿ, ನಾನು ಪಕ್ಕದಲ್ಲಿ ಇರ್ತೀನಿ," ಎನ್ನುತ್ತೇನೆ. ಕೆಲವರು ಹೇಳುತ್ತಾರೆ. ಹೋಗುವವರ ಧೈರ್ಯದ ಭಾರವನ್ನು ಉಳಿಯುವವರು ಹೊರಬೇಕಾಗುತ್ತದೆ ಎಂಬುದನ್ನು ನಾನು ಕಲಿತದ್ದು ಆ ಮನೆಯಲ್ಲಿ.