ನಾಲ್ಕೇ ತುಂಡು

ಹೊಸನಗರದ ಜೀಪ್ ಡ್ರೈವರ್ ದುಗ್ಗಪ್ಪನಿಗೆ ಷಡ್ಡಕ ನಾಗೇಂದ್ರನನ್ನು ಕಂಡರೆ ಹೊಟ್ಟೆ ಉರಿಯುತ್ತಿತ್ತು. ನಲವತ್ತಾರರಲ್ಲೂ ಬೊಜ್ಜಿಲ್ಲದೆ ಬೆಲ್ಟ್ ಬಿಗಿದು ನಿಂತ ಅವನನ್ನು ಅತ್ತೆಮನೆಯವರೆಲ್ಲ ಹೊಗಳುವವರೇ. ದುಗ್ಗಪ್ಪ ಅವನನ್ನು ಸೋಲಿಸುತ್ತಿದ್ದುದು ಒಂದೇ ಕಡೆ, ಬೀಗರೂಟದಲ್ಲಿ. ಕಡುಬು, ಹಂದಿ ಸಾರಿನ ಮುಂದೆ ಕುಳಿತರೆ ಪಂಕ್ತಿಯೇ ಎದ್ದುಹೋದರೂ ಅವನು ಏಳುತ್ತಿರಲಿಲ್ಲ. ನಾಗೇಂದ್ರನೋ ನಾಲ್ಕೇ ತುಂಡು ತಿಂದು, ಎರಡು ಸಲ ಸೊಪ್ಪಿನ ಪಲ್ಯ ಹಾಕಿಸಿಕೊಂಡು, ಒಂದು ಸುತ್ತು ನಡೆದು ಬರಲು ಹೊರಡುತ್ತಿದ್ದ.

ಎರಡು ವರ್ಷದ ಹಿಂದೆ ಮಲದಲ್ಲಿ ರಕ್ತ ಕಂಡದ್ದೇ ನಾಗೇಂದ್ರ ಡಾಕ್ಟರ ಬಳಿ ಓಡಿದ. ಕರುಳಿಗೆ ಕೊಳವೆ ಇಳಿಸಿ, ಮುಂದೆ ಕ್ಯಾನ್ಸರ್ ಆಗಬಹುದಾಗಿದ್ದ ಸಣ್ಣ ಗಂಟನ್ನು ತೆಗೆದರು.

"ಈಗೀಗ ನಮ್ಮ ವಯಸ್ಸಿನೋರಿಗೂ ಜಾಸ್ತಿ ಆಗ್ತಿದೆಯಂತೆ. ನೀವೂ ಒಂದ್ಸಲ ತೋರ್ಸಿ ಅಣ್ಣಯ್ಯ," ಎಂದ ನಾಗೇಂದ್ರ.

ದುಗ್ಗಪ್ಪನಿಗೂ ಆಗಲೇ ರಕ್ತ ಹೋಗುತ್ತಿತ್ತು. ಆದರೆ ಇವನ ಮಾತು ಕೇಳಿ ಹೋಗುವುದೇ?

"ನಂಗೆಂತ ಆಗಿದ್ಯೋ? ನಿನ್ನ ಕೆಲ್ಸ ನೋಡ್ಕ," ಎಂದು ಗದರಿದ. ಜೀಪಿನಲ್ಲಿ ಕೂತೂ ಕೂತೂ ಬಂದ ಮೂಲವ್ಯಾಧಿ ಎಂದುಕೊಂಡು, ಹುಲಿಕಲ್ ಕಡೆಯಿಂದ ನಾಟಿ ಔಷಧ ತರಿಸಿ ಗುಟ್ಟಾಗಿ ಕುಡಿದ.

ಈಗ ಕ್ಯಾನ್ಸರ್ ಹಿಡಿದ ಅವನ ಕರುಳು ಕತ್ತರಿಸಿ, ಹೊಟ್ಟೆಯ ಮೇಲೆ ಮಲದ ಚೀಲ ಅಂಟಿಸಿದ್ದಾರೆ. "ಆಗ್ಲೇ ಹೇಳಿದ್ನಲ್ಲ" ಎಂದು ನಾಗೇಂದ್ರ ಒಂದು ಸಲ ಅಂದಿದ್ದರೂ ದುಗ್ಗಪ್ಪ ಬಾಯ್ತುಂಬ ಬೈದು ಹಗುರಾಗಬಹುದಿತ್ತು. ಆ ಹಾಳಾದವನು ಅದನ್ನೂ ಅನ್ನಲಿಲ್ಲ.

ಮೊನ್ನೆಯ ಬೀಗರೂಟದಲ್ಲಿ ಇಬ್ಬರೂ ಅಕ್ಕಪಕ್ಕ ಕುಳಿತರು. ದುಗ್ಗಪ್ಪನಿಗೆ ಎರಡು ತುಂಡಿಗೇ ಸಾಕಾಯಿತು. ನಾಗೇಂದ್ರ ಎಂದಿನಂತೆ ನಾಲ್ಕೇ ತುಂಡು ತಿಂದು, ಅಲ್ಲೂ ಗೆದ್ದುಬಿಟ್ಟ.