ಅಕ್ಕನ ಡಿ ಡ್ರೈವ್

ನಮ್ಮ ಓಣಿಯ ಬಾಳು ಕಾಕಾ ಬಾಗಿಲಲ್ಲಿ ನಿಂತು ಅಕ್ಕನನ್ನು ಬೈಯುವಾಗ, ಕೆಡಿಸಿದವನು ನಾನು ಎಂದು ಮುಂದೆ ಬರಬೇಕಿತ್ತು. ಬರಲಿಲ್ಲ. ಕದದ ಹಿಂದೆ ನಿಂತು ಚಹಾ ಕುಡಿದೆ.

ಗಂಡನ ಮನೆ ಬಿಟ್ಟು ತವರೂರು ಬೇಡಕಿಹಾಳಕ್ಕೆ ಮರಳಿದ ಮೇಲೆ ಶೋಭಕ್ಕ ಒಂದು ಹಳೇ ಕಂಪ್ಯೂಟರಿನಲ್ಲಿ ಲಗ್ನಪತ್ರಿಕೆ ಟೈಪು ಮಾಡಿ ಹೊಟ್ಟೆ ಹೊರೆಯುತ್ತಿದ್ದಳು. ನಮ್ಮ ಕಡೆಯ ಪತ್ರಿಕೆ ಎಂದರೆ ಒಂದು ಮಗ್ಗಲು ಕನ್ನಡ, ಇನ್ನೊಂದು ಮಗ್ಗಲು ಮರಾಠಿ, ಕೆಳಗೆ ಮನೆತನದವರ ಹೆಸರುಗಳ ಸಾಲು. ಯಾರ ಹೆಸರು ಯಾರ ಮೇಲೆ ಬರಬೇಕು ಎಂಬುದಕ್ಕೆ ಬೀಗರು ಮಾತು ಬಿಟ್ಟದ್ದುಂಟು. ಜಗಳವಾಡಿ ಒಪ್ಪಿಕೊಂಡ ಆ ಸಾಲುಗಳೆಲ್ಲ ಅವಳ ಕಂಪ್ಯೂಟರಿನ ಡಿ ಡ್ರೈವಿನಲ್ಲಿದ್ದವು.

ಅವಳ ನಾಲಿಗೆ ಬಲು ಹರಿತ. ತನ್ನ ಭಾವನ ಹೆಸರನ್ನು ಸ್ವಲ್ಪ ಕೆಳಗಿಳಿಸು ಎಂದು ಯಾರಾದರೂ ಪಿಸುಗುಟ್ಟಿದರೆ, “ಇಳಸ್ತೀನ್ರಿ. ಅವ್ರನ್ನೂ ಕರಕೊಂಡ ಬರ್ರಿ, ನೋಡ್ಲಿ ಪಾಪ” ಎನ್ನುವಳು. ಬಂದವರು ಚಪ್ಪಲಿ ಹುಡುಕುತ್ತಿದ್ದರು.

ನಾನು ಒಂಬತ್ತನೆಯಲ್ಲಿ ಶಾಲೆ ಬಿಟ್ಟು ಚಿಕ್ಕೋಡಿಯ ಮೊಬೈಲ್ ಅಂಗಡಿಗೆ ಸೇರಿದ್ದೆ. ಅವಳ ಕಂಪ್ಯೂಟರ್ ನೀಲಿ ಪರದೆ ತೋರಿಸಿ ಕೂತುಬಿಟ್ಟಾಗ, ಅಂಗಡಿಯ ಪೆನ್‌ಡ್ರೈವ್ ತಂದು ಹೊಸ ವಿಂಡೋಸ್ ಹಾಕಲು ಹೊರಟೆ. ಬಾಳು ಕಾಕಾನ ಮಗಳ ಪತ್ರಿಕೆ ಮರುದಿನ ಅಚ್ಚಿಗೆ ಹೋಗಬೇಕಿತ್ತು; ಅದೂ ಡಿಯಲ್ಲೇ ಇತ್ತು. ಯಾವ ಡಿಸ್ಕಿಗೆ ಹಾಕಬೇಕು ಎಂದು ಆರಿಸುವಲ್ಲಿ ವಿಂಡೋಸ್ ನಿಂತಿತು. ಈ ಡಿಸ್ಕಿಗೆ ಹಾಕಲಾಗದು ಎಂದು ಇಂಗ್ಲಿಷಿನಲ್ಲಿ ಬಂತು. ಬಂದ್ ಮಾಡಿ ಮತ್ತೆ ಹಚ್ಚಿದೆ. ಅದೇ ಸಾಲು.

“ಕೆಳಗ ಏನೋ ಕಾರಣ ಬರದಾರಲ್ಲೋ. ಯಾರ ಕಡಿಂದರೆ ಓದ್ಸು,” ಎಂದಳು ಅಕ್ಕ.

“ಎಲ್ಲಾ ಅಳಿಸಿದ್ರ ತಗೋತೈತಿ. ನೀ ಸುಮ್ನಿರು.”

“ಡಿಗೆ ಕೈ ಹಚ್ಚಬ್ಯಾಡ. ಡಿಸ್ಕ್ ಬಿಚ್ಚಿ ನಿಪ್ಪಾಣಿಗೆ ಒಯ್ದು ಮೊದಲ ಕಾಪಿ ತಗಸೂಣು. ಅಂಗಡ್ಯಾಗ ಏನ ಕಲ್ತೀಲೇ, ಬರೇ ಮೊಬೈಲಿಗೆ ಗ್ಲಾಸ್ ಅಂಟಸೂದ?”

ಆ ಮಾತು ನನಗೆ ನಾಟಿತು. “ಗಂಡನ ಮನ್ಯಾಗ ಬಾಳೂದು ಬರಲಿಲ್ಲ, ನನಗ ಕಲಿಸಾಕ ಬಂದಾಳ,” ಎಂದೆ.

ಅವಳ ಮುಖ ನೋಡುತ್ತಲೇ ನಾನು ಡಿ ಅಳಿಸಿದೆ. ಅವಸರಕ್ಕಲ್ಲ, ಅವಳಿಗೆ ನೋವಾಗಲಿ ಎಂದೇ. ಅಷ್ಟಾದರೂ ವಿಂಡೋಸ್ ಅದೇ ಸಾಲಿಗೆ ಬಂದು ನಿಂತಿತು. ಪೆನ್‌ಡ್ರೈವನ್ನು ಹಳೇ ಮಷೀನಿಗೆ ಹೊಂದುವಂತೆ ಶುರು ಮಾಡಿದ್ದರೆ ಸಾಕಿತ್ತು, ಏನನ್ನೂ ಅಳಿಸಬೇಕಿರಲಿಲ್ಲ ಎಂದು ಅಂಗಡಿ ಮಾಲಕರು ಆಮೇಲೆ ಹೇಳಿದರು.

ಕೇಳಿದವರಿಗೆಲ್ಲ “ಅಕ್ಕ ಏನೋ ಒತ್ಯಾಳ” ಎಂದೆ. ಅಕ್ಕ ನನ್ನ ಕಡೆ ನೋಡಿದಳು. ನಾನೇ ತಿದ್ದಿ ಹೇಳಲಿ ಎಂದು ಕಾಯುತ್ತಿದ್ದಳು.

ಬಾಳು ಕಾಕಾ ನೆನಪಿನಿಂದಲೇ ಹೆಸರು ಬರೆಸಿ ಬೇರೆ ಕಡೆ ಪತ್ರಿಕೆ ಮಾಡಿಸಿದರು. ಹಿರಿಯ ಸೋದರಮಾವನ ಹೆಸರು ಕಿರಿಯನ ಕೆಳಗೆ ಬಿತ್ತು. ಮದುಮಗಳ ಕೈಹಿಡಿದು ಮಂಟಪಕ್ಕೆ ಕರೆತರಬೇಕಾದ ಆ ಮಾವ ಲಗ್ನಕ್ಕೇ ಬರಲಿಲ್ಲ. ಮರುದಿನ ಕಾಕಾ ನಮ್ಮ ಬಾಗಿಲಿಗೆ ಬಂದರು.

“ನಿನ್ನ ಮನಿ ಮುರಕೊಂಡ ಬಂದಿ. ಸಾಲಲಿಲ್ಲೇನ ಶೋಭಾ, ನಮ್ಮದೂ ಮುರದಿ?”

ಆಮೇಲೆ ಯಾರೂ ಅವಳಿಗೆ ಪತ್ರಿಕೆಯ ಕೆಲಸ ಕೊಡಲಿಲ್ಲ. ಕಂಪ್ಯೂಟರ್ ಗುಜರಿಗೆ ಹೋಯಿತು. ಅಕ್ಕ ನಿಪ್ಪಾಣಿಯ ಒಂದು ಪ್ರೆಸ್ಸಿನಲ್ಲಿ, ಬೇರೆಯವರು ಟೈಪು ಮಾಡಿದ ಪತ್ರಿಕೆಗಳನ್ನು ಮಡಚುವ ಕೆಲಸಕ್ಕೆ ಸೇರಿ ಅಲ್ಲೇ ಬಾಡಿಗೆಗೆ ಒಂದು ಖೋಲಿ ಹಿಡಿದಳು.

ಮೊನ್ನೆ ಅಲ್ಲಿಗೆ ಹೋದೆ. ಅವಳು ಮಡಚುವುದನ್ನು ನಿಲ್ಲಿಸಲಿಲ್ಲ.

“ಅಕ್ಕಾ, ಅವತ್ತು ನಾನು...”

“ನನಗ ಗೊತ್ತಿದ್ದದ್ದ ನನಗ ಹೇಳಾಕ ಬಸ್ ಹತ್ತಿ ಬಂದೀಯೇನ? ಕಾಕಾಗ ಹೇಳು. ಅಲ್ಲೀತನಾ ನನಗ ಮಾರಿ ತೋರಿಸಬ್ಯಾಡ.”

ಊರಿಗೆ ಮರಳಿದಾಗ ಕಾಕಾನ ಕಟ್ಟೆಯ ಮೇಲೆ ಓಣಿಯ ಹಿರಿಯರೆಲ್ಲ ಕೂತಿದ್ದರು. ನಾನು ಬಾಗಿ ಕಾಕಾನ ಕಿವಿಯಲ್ಲಿ ಹೇಳಿದೆ. ಅವರ ಮುಖ ಕಪ್ಪಾಯಿತು. ಕೇಳಿಸಿತ್ತು.

“ಏನಂದಿ? ನೆಟ್ಟಗ ನಿಂತು ಹೇಳಲೇ. ಎಲ್ಲಾರಿಗೂ ಕೇಳ್ಲಿ.”

ನೆಟ್ಟಗೆ ನಿಂತೆ.

“ನಿಮ್ಮ ಮನೀ ಹೆಸರು ಅಳಿಸಿದಾಂವ ನಾನ್ರಿ ಕಾಕಾ. ಬೇಕಂತನ ಅಳಿಸ್ದೆ. ಸುಳ್ಳು ಹೇಳಿ ಅಕ್ಕನ ಮ್ಯಾಲೆ ಹಾಕ್ದೆ. ಆಕಿದು ಏನೂ ತಪ್ಪಿಲ್ಲ. ನಂದ ತಪ್ಪಾತು, ಕ್ಷಮಿಸ್ರಿ.”